ಸೇತುವೆಯ ವರದಿ

ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯನ್ನು ಸೇರಬಯಸುವವರಿಗೆ 900 ಅಂಕಗಳ ಲಿಖಿತ ಪರೀಕ್ಷೆಯಾದ ಮೇಲೆ, ಅಷ್ಟೇ ಅಂಕಗಳ ಮತ್ತೊಂದು ಪರೀಕ್ಷೆಯುಂಟು. ಆಯ್ಕೆ ಮಂಡಲಿಯು ಐದು ದಿನ ನಡೆಸುವ ಆ ಪರೀಕ್ಷೆಯಲ್ಲಿ, ತಂದೆತಾಯಿ, ಗುರುಗಳು, ಗೆಳೆಯರು ತನ್ನನ್ನು ಹೇಗೆ ಕಾಣುತ್ತಾರೆ, ತಾನು ತನ್ನನ್ನು ಹೇಗೆ ಬಲ್ಲೆ ಎಂಬುದನ್ನು 15 ನಿಮಿಷಗಳಲ್ಲಿ ಬರೆಯಬೇಕು. ಕೆಲವರು ಬಾಯಿಪಾಠ ಮಾಡಿದ ಗುಣಾವಳಿಯನ್ನು ಒಪ್ಪಿಸುತ್ತಾರೆ. ಸರಳ ಹುಡುಗನೊಬ್ಬ “ನನಗೆ ಮುಂಗೋಪ, ತಂದೆಯವರಿಗೆ ಅದೇ ಚಿಂತೆ” ಎಂದು ಬರೆಯುತ್ತಾನೆ.

ಕೊನೆಯ ದಿನ, ಆಯ್ಕೆಯಾದವರ ಎದೆಯ ಸಂಖ್ಯೆಗಳನ್ನು ಓದುವಾಗ ಅವನದು ಬಾರದೆ ಹೋಗಬಹುದು. ರೈಲಿನಲ್ಲಿ ಕುಳಿತಾಗ, ‘ಮುಚ್ಚಿಟ್ಟಿದ್ದರೆ?’ ಎಂಬ ಪ್ರಶ್ನೆ ಚುಚ್ಚದಿರದು. ಆದರೆ ಸೇತುವೆ ದುರ್ಬಲವಾಗಿದ್ದರೆ ದುರ್ಬಲವೆಂದೇ ವರದಿ ಮಾಡಬೇಕಾದವನು ಸೇನಾಧಿಕಾರಿ. ಅವನ ಮಾತನ್ನು ನಂಬಿ ಸೈನಿಕರು ಅದರ ಮೇಲೆ ಹೆಜ್ಜೆಯಿಡುತ್ತಾರೆ. ಇದನ್ನು ಅರಿತ ಹುಡುಗ ಊರಿನ ನಿಲ್ದಾಣದಲ್ಲಿ ತಂದೆಯ ಮುಖವನ್ನು ಅಳುಕಿಲ್ಲದೆ ನೋಡಬಲ್ಲ.