ಬರೀ ಒಂದು ಪರ್ಸೆಂಟ್ ತಾನೇ!

ನಮ್ಮ ಕ್ಯಾತಗಾನಚೆರ್ಲಿನಲ್ಲಿ ಪಾವಗಡ ಸೋಲಾರ್ ಪಾರ್ಕಿಗೆ ಜಮೀನು ಗುತ್ತಿಗೆ ಕೊಟ್ಟ ಯಾರನ್ನಾದರೂ ಕೇಳಿ. ಎಕರೆಗೆ ವರ್ಷಕ್ಕೆ 21,000 ರೂಪಾಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ ಅಂತ ಬಾಯಲ್ಲೇ ಹೇಳ್ತಾರೆ. ಬೆಂಗಳೂರಲ್ಲಿ ತಿಂಗಳಿಗೆ ಇಪ್ಪತ್ತು ಸಾವಿರ ಎಸ್‌ಐಪಿ ಕಟ್ಟೋ ಇಂಜಿನಿಯರನ್ನ 'ನಿನ್ನ ಫಂಡಿನ ಎಕ್ಸ್‌ಪೆನ್ಸ್ ರೇಶಿಯೋ ಎಷ್ಟು?' ಅಂತ ಕೇಳಿ. 'ಬ್ಯಾಂಕಿನವರೇ ಮಾಡಿಕೊಟ್ರು ಮಗಾ' ಅಂತಾನೆ.

ಮಾಡಿಕೊಟ್ಟಿದ್ದು ರೆಗ್ಯುಲರ್ ಪ್ಲಾನು. ಅದೇ ಫಂಡು, ಅದೇ ಮ್ಯಾನೇಜರು, ಅವೇ ಷೇರುಗಳು ಇರೋ, ಆದರೆ ಕಮಿಷನ್ ಇಲ್ಲದ ಡೈರೆಕ್ಟ್ ಪ್ಲಾನು ಸೆಬಿ ಕಡ್ಡಾಯ ಮಾಡಿದ್ದರಿಂದ 2013ರ ಜನವರಿಯಿಂದಲೇ ಇದೆ. ಕಡಲೆಕಾಯಿ ಮಂಡಿ ದಲ್ಲಾಳಿ ಮಾರಿದ ದಿನ ಒಂದು ಸಲ ಮುರ್ಕೊಂಡು ಸುಮ್ಮನಾಗ್ತಾನೆ. ಇಲ್ಲಿ ಪ್ರತಿವರ್ಷ, ಇಡೀ ರಾಶಿ ಮೇಲೆ.

ಈಕ್ವಿಟಿ ಫಂಡುಗಳಲ್ಲಿ ವ್ಯತ್ಯಾಸ ಒಂದು ಪರ್ಸೆಂಟಿನ ಆಸುಪಾಸು. ತಿಂಗಳಿಗೆ 5,000, ಇಪ್ಪತ್ತೈದು ವರ್ಷ. ಶೇ. 12 ಬೆಳೆದರೆ (ಬೆಳೆದೇ ಬೆಳೆಯುತ್ತೆ ಅಂತ ನಾನಂತೂ ಹೇಳಲ್ಲ) ಸುಮಾರು 95 ಲಕ್ಷ. ಶೇ. 11ಕ್ಕೆ 80ರ ಹತ್ತಿರ. ನೀವು ಕಟ್ಟಿದ್ದೇ 15 ಲಕ್ಷ, ಕಳ್ಕೊಂಡಿದ್ದೂ ಅಷ್ಟೇ!

ಸಲಹೆ ಬೇಕಾದವರು ಸೆಬಿ ನೋಂದಾಯಿತ ಸಲಹೆಗಾರರಿಗೆ ಫೀಸು ಕೊಟ್ಟು ಕೇಳಲಿ, ತಕರಾರಿಲ್ಲ. ಒಂದು ಫಾರಂ ತುಂಬಿಕೊಟ್ಟವನಿಗೆ ನಿವೃತ್ತಿವರೆಗೂ ಪಾಲು ಯಾಕೆ?

ನಮ್ಮಪ್ಪ ಗುತ್ತಿಗೆ ಪತ್ರಾನ ಎರಡು ಸಲ ಓದಿಸ್ಕೊಂಡೇ ರುಜು ಹಾಕಿದ್ದು. ನಾನು ಫೋನಲ್ಲಿ ಓಟಿಪಿ ಹೇಳ್ಬಿಟ್ಟೆ. ಸ್ಟೇಟ್‌ಮೆಂಟಿನಲ್ಲಿ ಫಂಡಿನ ಹೆಸರಿನ ಪಕ್ಕದಲ್ಲೇ 'ರೆಗ್ಯುಲರ್' ಅಂತ ಇದ್ದದ್ದು ಕಣ್ಣಿಗೆ ಬೀಳೋಕೆ ಆರು ವರ್ಷ ಬೇಕಾಯ್ತು.

ನಿಮ್ಮದನ್ನ ಇವತ್ತೇ ತೆಗೆದು ನೋಡಿ. ಹೊಸ ಕಂತು ಡೈರೆಕ್ಟಿಗೆ ಹಾಕಿ. ಹಳೇದನ್ನ ಬದಲಾಯಿಸೋ ಮುಂಚೆ ಎಕ್ಸಿಟ್ ಲೋಡು, ತೆರಿಗೆ ಲೆಕ್ಕ ಹಾಕ್ಕೊಳ್ಳಿ.