ಹಾಯಿಕಂಬದ ಜೀವ ಬೋಲ್ಟಿನಲ್ಲಿ

2018ರ ಸೆಪ್ಟೆಂಬರ್ 21. ಹಿಂದೂ ಮಹಾಸಾಗರದ ದಕ್ಷಿಣ ಭಾಗ. ಆಸ್ಟ್ರೇಲಿಯದ ಪರ್ತ್ ನಗರದಿಂದ ಮೂರು ಸಾವಿರ ಕಿಲೋಮೀಟರಿಗೂ ಆಚೆ. ಗಂಟೆಗೆ ಸುಮಾರು 130 ಕಿ.ಮೀ. ವೇಗದ ಗಾಳಿ, ಮೂರು ಮಹಡಿ ಮನೆಯೆತ್ತರದ ಅಲೆಗಳು. ಗೋವಾದಲ್ಲಿ ಕಟ್ಟಿದ ‘ತುರಿಯಾ’ ಎಂಬ ಪುಟ್ಟ ಹಾಯಿದೋಣಿ ಮಗುಚಿಬಿತ್ತು. ಅದರಲ್ಲಿದ್ದವರು ಒಬ್ಬರೇ, ನಮ್ಮ ನೌಕಾಪಡೆಯ ಕಮಾಂಡರ್ ಅಭಿಲಾಷ್ ಟಾಮಿ. ದೋಣಿಯೇನೋ ಮತ್ತೆ ಎದ್ದು ನಿಂತಿತು. ಆದರೆ ಹಾಯಿಕಂಬ ಮುರಿದಿತ್ತು, ಟಾಮಿಯವರ ಬೆನ್ನುಮೂಳೆಯೂ ಮುರಿದಿತ್ತು. ಏಳಲಾರದೆ ಮಲಗಿದ್ದ ಅವರನ್ನು ಮೂರು ದಿನಗಳ ನಂತರ ಫ್ರಾನ್ಸಿನ ಮೀನುಗಾರಿಕೆ ಕಾವಲು ಹಡಗು ‘ಒಸಿರಿಸ್’ ರಕ್ಷಿಸಿತು.

ಅದು ‘ಗೋಲ್ಡನ್ ಗ್ಲೋಬ್’ ಎಂಬ ಸ್ಪರ್ಧೆ. ಒಬ್ಬರೇ, ಎಲ್ಲಿಯೂ ನಿಲ್ಲದೆ, 1968ರ ಕಾಲದ ಸಲಕರಣೆಗಳಷ್ಟನ್ನೇ ಬಳಸಿ ಭೂಮಿಯನ್ನು ಸುತ್ತಿ ಬರಬೇಕು. ಆ ಸಲ ದಾರಿಯಲ್ಲಿ ಕಂಬ ಕಳೆದುಕೊಂಡವರು ಐವರು. ಗುರಿ ಮುಟ್ಟಿದವರೂ ಐವರೇ!

ಇಷ್ಟು ಸುಲಭವಾಗಿ ಮುರಿಯುವ ಕಂಬವನ್ನು ಇನ್ನಷ್ಟು ದಪ್ಪ ಮಾಡಬಾರದೆ ಎಂದು ಕೇಳಬಹುದು. ಮಾಡಬಹುದು, ಆದರೆ ತೂಕವೆಲ್ಲ ಮೇಲಕ್ಕೆ ಹೋಗಿ ದೋಣಿ ಓಲಾಡತೊಡಗುತ್ತದೆ. ಅಷ್ಟಕ್ಕೂ ಹಾಯಿಕಂಬ ನಿಲ್ಲುವುದು ತನ್ನ ಬಲವೊಂದರಿಂದಲೇ ಅಲ್ಲ. ಹಳ್ಳಿಯ ತಿರುವಿನಲ್ಲಿರುವ ಕರೆಂಟು ಕಂಬವನ್ನು ನೋಡಿ. ನೆಲಕ್ಕೆ ಓರೆಯಾಗಿ ಬಿಗಿದ ‘ಸ್ಟೇ ವೈರ್’ ಅದನ್ನು ಹಿಡಿದಿರುತ್ತದೆ. ಈ ‘ಸ್ಟೇ’ ಎಂಬ ಹೆಸರು ಹಡಗಿನವರದೇ. ಹಾಯಿಕಂಬಕ್ಕೆ ಹಿಂದೆ, ಮುಂದೆ, ಎಡಕ್ಕೆ, ಬಲಕ್ಕೆ ಇಂಥ ಉಕ್ಕಿನ ತಂತಿಗಳಿರುತ್ತವೆ. ಗಾಳಿ ಕಂಬವನ್ನು ಒಂದು ಬದಿಗೆ ತಳ್ಳಿದರೆ ಇನ್ನೊಂದು ಬದಿಯ ತಂತಿ ಬಿಗಿಯುತ್ತದೆ. ಬಿಗಿದಷ್ಟೂ ಅದು ಕಂಬವನ್ನು ಕೆಳಕ್ಕೆ, ದೋಣಿಯೊಳಕ್ಕೆ ಒತ್ತುತ್ತದೆ. ಕಂಬಕ್ಕೆ ಅಪಾಯವಿರುವುದು ಈ ಒತ್ತಡದಲ್ಲಿ.

ಮನೆಯಲ್ಲೇ ಪರೀಕ್ಷಿಸಬಹುದು. ಒಂದಡಿಯ ಪ್ಲಾಸ್ಟಿಕ್ ಸ್ಕೇಲನ್ನು ಮೇಜಿನ ಮೇಲೆ ನೇರವಾಗಿ ನಿಲ್ಲಿಸಿ, ಮೇಲಿನಿಂದ ಒತ್ತಿ. ಸ್ವಲ್ಪಕ್ಕೇ ಬಿಲ್ಲಿನಂತೆ ಬಾಗುತ್ತದೆ. ಈಗ ತಂಗಿಯನ್ನೋ ತಮ್ಮನನ್ನೋ ಕರೆದು ಸ್ಕೇಲಿನ ನಡುವನ್ನು ಎರಡು ಬೆರಳುಗಳಲ್ಲಿ ಅಲುಗದಂತೆ ಹಿಡಿಯಲು ಹೇಳಿ. ಮೊದಲಿನಷ್ಟು ಒತ್ತಿದರೆ ಬಾಗುವುದಿಲ್ಲ. ಆಸರೆಯಿಲ್ಲದ ಉದ್ದ ಅರ್ಧವಾದರೆ ತಾಳುವ ಬಲ ನಾಲ್ಕು ಪಟ್ಟಾಗುತ್ತದೆ. ಹದಿನೆಂಟನೇ ಶತಮಾನದಲ್ಲಿ ಗಣಿತಜ್ಞ ಆಯ್ಲರ್ ಕೊಟ್ಟ ಸೂತ್ರ ಇದು. ದೋಣಿಯಲ್ಲಿ ಆ ಎರಡು ಬೆರಳುಗಳ ಕೆಲಸವನ್ನು ಕಂಬದ ನಡುಮಟ್ಟಕ್ಕೆ ಕಟ್ಟಿದ ಕೆಳತಂತಿಗಳು ಮಾಡುತ್ತವೆ.

ಈ ಕೆಳತಂತಿಗಳನ್ನು ಕಂಬಕ್ಕೆ ಹಿಡಿದಿಡುವುದು ಒಂದು ಬೋಲ್ಟು. ಕಥೆಯ ರಾಕ್ಷಸನ ಜೀವ ಗಿಳಿಯಲ್ಲಿದ್ದಂತೆ ಕಂಬದ ಜೀವ ಅದರಲ್ಲಿ. ಅದೇ ಸ್ಪರ್ಧೆಯಲ್ಲಿ ಎಲ್ಲರಿಗಿಂತ ಮುಂದಿದ್ದವರು ಫ್ರಾನ್ಸಿನ 73 ವರ್ಷದ ಅಜ್ಜ, ಜ್ಯಾನ್ ಲುಕ್ ವಾನ್ ಡೆನ್ ಹೀಡ್. 2018ರ ನವೆಂಬರ್‌ನಲ್ಲಿ ಪೆಸಿಫಿಕ್ ಸಾಗರದಲ್ಲಿ ಅವರ ದೋಣಿಯೂ ಮಗುಚಿತು. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಅದಕ್ಕೆ ಹೊಕ್ಕ ಕಂಬ ಎಂಥ ಪೆಟ್ಟು ತಿಂದೀತು ಊಹಿಸಿ. ಕಂಬ ಮುರಿಯಲಿಲ್ಲ. ಆದರೆ ಕೆಳತಂತಿಯ ಬೋಲ್ಟು ಕಂಬವನ್ನು ಸೀಳುತ್ತ ಸುಮಾರು ಐದು ಸೆಂಟಿಮೀಟರ್ ಕೆಳಗಿಳಿದಿತ್ತು, ತಂತಿಗಳು ಸಡಿಲವಾಗಿದ್ದವು. ಎರಡು ಬೆರಳಿನ ಹಿಡಿತ ತಪ್ಪಿದ ಸ್ಕೇಲಿನ ಗತಿ! ತೂಗುವ ಕಡಲಿನಲ್ಲಿ ಹಲವು ಬಾರಿ ಕಂಬವೇರಿ ಅವರು ಅದನ್ನು ಭದ್ರಪಡಿಸಿದರು. ಹಾಯಿ ಕಡಿಮೆ ಬಿಚ್ಚಿ, ಕೇಪ್ ಹಾರ್ನ್ ಭೂಶಿರವನ್ನು ಬಳಸಿ, 2019ರ ಜನವರಿ 29ರಂದು ಗೆದ್ದು ದಡ ಸೇರಿದರು. ಹೊರಡುವ ಮುನ್ನವೇ ಕಂಬದ ಉದ್ದವನ್ನು ಕಡಿಮೆ ಮಾಡಿಸಿದ್ದ ಜಾಣ ಅವರು. ಆದರೂ ಅದೃಷ್ಟದ ಪಾಲು ಇಲ್ಲವೆನ್ನಲಾಗದು; ಅದೇ ಮಾದರಿಯ ದೋಣಿಯಲ್ಲಿದ್ದ ಬ್ರಿಟನ್ನಿನ ಸೂಸಿ ಗುಡಾಲ್ ಡಿಸೆಂಬರ್‌ನಲ್ಲಿ ಕಂಬ ಕಳೆದುಕೊಂಡು ಸರಕು ಹಡಗಿನ ನೆರವಿನಿಂದ ಪಾರಾದರು.

ಬಿರುಗಾಳಿಯಿಲ್ಲದೆಯೂ ಕಂಬ ಬೀಳುವುದುಂಟು. ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯದಿರುವುದು ಅದರ ಮೈಮೇಲಿನ ಕ್ರೋಮಿಯಂ ಆಕ್ಸೈಡಿನ ತೆಳುಪೊರೆಯಿಂದ. ಗೀರಿದರೂ ಆಮ್ಲಜನಕ ಸಿಕ್ಕರೆ ಪೊರೆ ಮತ್ತೆ ಮೂಡುತ್ತದೆ. ತಂತಿಯ ತುದಿಯ ಲೋಹದ ತೊಡಪಿನೊಳಗೆ ಉಪ್ಪುನೀರು ನಿಂತಿತೆನ್ನಿ, ಅಲ್ಲಿ ಆಮ್ಲಜನಕವಿಲ್ಲ. ಹೊರಗೆ ಥಳಥಳ, ಒಳಗೆ ತುಕ್ಕು. ಅಲ್ಯೂಮಿನಿಯಂ ಕಂಬಕ್ಕೆ ಸ್ಟೀಲ್ ಬೋಲ್ಟು ಹಾಕಿದರಂತೂ ಉಪ್ಪುನೀರಿನಲ್ಲಿ ಎರಡೂ ಸೇರಿ ಬ್ಯಾಟರಿಯಾಗುತ್ತವೆ, ಸವೆಯುವುದು ಅಲ್ಯೂಮಿನಿಯಂ. ಆದ್ದರಿಂದ ನಡುವೆ ಪ್ಲಾಸ್ಟಿಕ್ ಬಿಲ್ಲೆಯನ್ನೋ ಲೇಪವನ್ನೋ ಇಡುತ್ತಾರೆ. ಹತ್ತನೇ ತರಗತಿಯ ರಸಾಯನಶಾಸ್ತ್ರ ಉಪಯೋಗಕ್ಕೆ ಬಾರದೆನ್ನುವವರು ದೋಣಿ ಹತ್ತದಿರುವುದು ಒಳ್ಳೆಯದು.

ನಾರಿನ ಹಗ್ಗದ ಮಾತು ಬೇರೆ. ಹೊರಮೈ ಸವೆದರೆ ಎಳೆ ಬಿಚ್ಚಿ ಕಣ್ಣಿಗೆ ಕಾಣುತ್ತದೆ. ನಮ್ಮ ಕಾರವಾರದಲ್ಲಿ 2025ರ ಮೇ ತಿಂಗಳಲ್ಲಿ ನೌಕಾಪಡೆ ಸೇರಿದ ‘ಕೌಂಡಿನ್ಯ’ವನ್ನು ಅಜಂತದ ಚಿತ್ರವೊಂದನ್ನು ನೋಡಿ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ್ದಾರೆ. ಕಂಬವೂ ಮರದ್ದೇ, ಆಧುನಿಕ ವಸ್ತುವಿನ ನೆರವಿಲ್ಲ. ಹಾಗೆಂದು ಅಂದಾಜಿನಲ್ಲಿ ನಿಲ್ಲಿಸಿದ್ದಲ್ಲ. ಕಂಬದ ಬಲವನ್ನು ನೌಕಾಪಡೆಯವರು ಲೆಕ್ಕಹಾಕಿದರು. ಹಡಗಿನ ಮಾದರಿಯನ್ನು ಮದರಾಸಿನ ಐಐಟಿಯಲ್ಲಿ ನೀರಿಗಿಳಿಸಿ ಪರೀಕ್ಷಿಸಿದರು. ಅಲ್ಲಿಯ ಸಾಗರ ಎಂಜಿನಿಯರಿಂಗ್ ವಿಭಾಗದ ಹೆಸರನ್ನು ಪಿಯುಸಿ ಮಕ್ಕಳ ತಂದೆತಾಯಿ ಗುರುತು ಹಾಕಿಕೊಳ್ಳಬಹುದು.

ಇನ್ನು ಹಾಯಿ. ಇಂದಿನ ಹಾಯಿಬಟ್ಟೆ ಬಹುಪಾಲು ಪಾಲಿಯೆಸ್ಟರ್. ಕೊಳೆಯುವುದಿಲ್ಲ, ಆದರೆ ಬಿಸಿಲಿನ ಅತಿನೇರಳೆ ಕಿರಣ ಅದನ್ನು ತಿನ್ನುತ್ತದೆ. ಮೊದಲು ಸೋಲುವುದು ಬಟ್ಟೆಯಲ್ಲ, ಅದರ ಮೇಲೆ ಉಬ್ಬಿ ನಿಂತ ಹೊಲಿಗೆಯ ದಾರ. ಹೀಗಾಗಿ ದಡದಲ್ಲಿರುವಾಗ ಹಾಯಿಗೆ ಮುಸುಕು ಹಾಕುತ್ತಾರೆ, ತಂತಿಗೆ ತಿಕ್ಕುವ ಜಾಗಗಳಿಗೆ ತೇಪೆ ಹಚ್ಚುತ್ತಾರೆ. ಗಾಳಿಯ ವೇಗ ಇಮ್ಮಡಿಯಾದರೆ ಹಾಯಿಯ ಮೇಲಿನ ಒತ್ತಡ ನಾಲ್ಮಡಿ. ಗಾಳಿ ಏರುವ ಮೊದಲೇ ಹಾಯಿಯನ್ನು ಮಡಿಸಿ ಕಿರಿದು ಮಾಡುವವರ ಕಂಬ ಹೆಚ್ಚು ದಿನ ಬಾಳುತ್ತದೆ.

ಬೆನ್ನಿಗೆ ಟೈಟೇನಿಯಂ ಸರಳು ಹಾಕಿಸಿಕೊಂಡ ಟಾಮಿಯವರು 2022ರ ಸೆಪ್ಟೆಂಬರ್‌ನಲ್ಲಿ ಅದೇ ಸ್ಪರ್ಧೆಗೆ ಮರಳಿದರು. ದೋಣಿ ‘ಬಯಾನತ್’, ವಾನ್ ಡೆನ್ ಹೀಡ್ ಅವರದೇ ಮಾದರಿಯದು. 236 ದಿನಗಳ ನಂತರ, 2023ರ ಏಪ್ರಿಲ್ 29ರಂದು, ಎರಡನೆಯವರಾಗಿ ಫ್ರಾನ್ಸಿನ ದಡ ಮುಟ್ಟಿದರು. ಕಂಬ ನಿಂತೇ ಇತ್ತು.