ಇಲ್ಲದ ಗ್ರಹಕ್ಕೆ ಮೆರವಣಿಗೆ

ಬೆಳಗ್ಗೆ ಶೆಟ್ಟಿಹಳ್ಳಿ ದಾಟಿ ಟ್ರಾಫಿಕ್ಕಲ್ಲಿ ನಿಂತಾಗ ವಾಟ್ಸಾಪಿಗೆ ಬರುತ್ತೆ: ಎರಡನೇ ಭೂಮಿ ಸಿಕ್ತು! ಕೆಲವು ವರ್ಷ ಆದ್ಮೇಲೆ ಆ ಭೂಮಿ ಇರಲೇ ಇಲ್ಲ ಅಂತ ಯಾರೋ ಲೆಕ್ಕ ಹಾಕಿ ತೋರಿಸಿದರೆ, ಆ ಸುದ್ದಿ ಯಾವ ಗ್ರೂಪಿಗೂ ಬರಲ್ಲ. ಬಂದರೂ "ಈ ವಿಜ್ಞಾನಿಗಳು ದಿನಕ್ಕೊಂದು ಹೇಳ್ತಾರೆ ಮಗಾ" ಅನ್ನೋ ನಗು. ನನ್ನ ತಕರಾರು ಆ ನಗುವಿನ ಮೇಲೆ.

ಗ್ರಹ ಸುತ್ತುವಾಗ ತನ್ನ ನಕ್ಷತ್ರವನ್ನೂ ಚೂರು ಎಳೆದಾಡುತ್ತೆ. ಆ ಅಲುಗಾಟ ನಕ್ಷತ್ರದ ಬೆಳಕಲ್ಲಿ ಗೊತ್ತಾಗುತ್ತೆ. ಗ್ಲೀಸ್ 581 ಅನ್ನೋ ನಕ್ಷತ್ರಕ್ಕೆ 'ಡಿ' ಅನ್ನೋ ಗ್ರಹ ಇದೆ ಅಂತ 2007ರಲ್ಲಿ ಘೋಷಿಸಿದ್ದು ಹೀಗೇ. ಆಮೇಲೆ ತಿದ್ದಿದ ಲೆಕ್ಕದಲ್ಲಿ ಅದಕ್ಕೆ 66 ದಿನಕ್ಕೊಂದು ಸುತ್ತು. ನೀರು ಇರಬಹುದು, ಜೀವ ಇರಬಹುದು ಅಂತ ಊರೆಲ್ಲ ಡಂಗುರ.

ನಮ್ಮೂರಲ್ಲಿ ರಾತ್ರಿ ಹೊಲದ ಬದುವಿನ ಮೇಲೆ ಬೆಳಕು ಓಡಾಡಿದರೆ ಕೊಳ್ಳಿದೆವ್ವ ಅಂತಿದ್ರು. ನಮ್ಮಜ್ಜ ಕೇಳ್ತಿದ್ದಿದ್ದು ಒಂದೇ: "ಅವತ್ತು ತ್ರೀ ಫೇಸ್ ಎಷ್ಟೊತ್ತಿಗೆ ಕೊಟ್ಟಿದ್ರೋ?" ಕರೆಂಟು ಬಂದ ರಾತ್ರಿಗಳಲ್ಲೇ ದೆವ್ವ ಬರ್ತಿತ್ತು. ಮೋಟರ್ ಹಾಕೋಕೆ ಬ್ಯಾಟರಿ ಹಿಡ್ಕೊಂಡು ಹೋಗ್ತಿದ್ದ ಯಾರೋ ರೈತ.

2014ರಲ್ಲಿ ಪಾಲ್ ರಾಬರ್ಟ್‌ಸನ್ ಮತ್ತವರ ಸಂಗಡಿಗರು ಕೇಳಿದ್ದೂ ಇದನ್ನೇ. ಆ ನಕ್ಷತ್ರ ತನ್ನ ಸುತ್ತ ತಾನು ತಿರುಗೋಕೆ ಸುಮಾರು 130 ದಿನ. 66 ಅಂದರೆ ಹೆಚ್ಚುಕಮ್ಮಿ ಅದರರ್ಧ! ತಿರುಗುವಾಗ ನಕ್ಷತ್ರದ ಮೈಮೇಲಿನ ಕಲೆಗಳು ಒಮ್ಮೆ ಈ ಮಗ್ಗುಲಿನ, ಒಮ್ಮೆ ಆ ಮಗ್ಗುಲಿನ ಬೆಳಕನ್ನ ಮಂಕು ಮಾಡ್ತವೆ. ನಕ್ಷತ್ರವೇ ಅಲುಗಿದ ಹಾಗೆ ಕಾಣುತ್ತೆ. ಆ ಪಾಲನ್ನ ಕಳೆದಾಗ 'ಡಿ' ಮಾಯ. ಆದರೆ ಅದೇ ನಕ್ಷತ್ರದ ಬೇರೆ ಮೂರು ಗ್ರಹಗಳ ಗುರುತು ಇನ್ನೂ ಗಟ್ಟಿಯಾಯ್ತು. ಇದನ್ನ ನೀವು ಮಾತು ಬದಲಾಯಿಸೋದು ಅಂತೀರಾ?

ಆಫೀಸಲ್ಲಿ ನಾವೂ ಅಷ್ಟೇ ಬಿಡಿ. ಫೀಚರ್ ಬಿಟ್ಟವನಿಗೆ ಕೇಕು, ಸುಳ್ಳು ಅಲರ್ಟ್ ಹಿಡಿದು ತೆಗೆದವನ ಹೆಸರೂ ಗೊತ್ತಿರಲ್ಲ.

ನಕ್ಷತ್ರದ ಇಂಥ ಚಟುವಟಿಕೆ ಅಳೆಯೋಕೆ ಬಹಳ ಬಳಸೋದು ಕ್ಯಾಲ್ಸಿಯಂ ಗೆರೆಗಳನ್ನ. 1957ರಲ್ಲಿ ಓಲಿನ್ ವಿಲ್ಸನ್ ಜೊತೆ ಆ ಗೆರೆಯ ಅಗಲಕ್ಕೂ ನಕ್ಷತ್ರದ ನಿಜವಾದ ಪ್ರಕಾಶಕ್ಕೂ ನಂಟು ತೋರಿಸಿದವರು ವೇಣು ಬಾಪು. ಅವರು ಕಟ್ಟಿದ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಇರೋದು ನಮ್ಮ ಕೋರಮಂಗಲದಲ್ಲಿ. ಅದರ ಕೊಡೈಕೆನಾಲ್ ವೀಕ್ಷಣಾಲಯದಲ್ಲಿ ಕ್ಯಾಲ್ಸಿಯಂ ಬೆಳಕಲ್ಲಿ ತೆಗೆದ ಸೂರ್ಯನ ಚಿತ್ರಗಳು ಸುಮಾರು ನೂರು ವರ್ಷದ್ದು ಇವೆ. ಕಲೆಗಳನ್ನ ಹತ್ತಿರದಿಂದ ನೋಡಬಹುದಾದ ನಕ್ಷತ್ರ ನಮಗಿರೋದು ಅದೊಂದೇ. ಕೋರಮಂಗಲಕ್ಕೆ ಬಿರಿಯಾನಿಗೆ ಹೋಗೋ ಎಷ್ಟು ಜನಕ್ಕೆ ಇದು ಗೊತ್ತು?

ಭೂಮಿ ಸೂರ್ಯನನ್ನ ಅಲುಗಿಸೋದು ಸೆಕೆಂಡಿಗೆ ಬರೀ 9 ಸೆಂಟಿಮೀಟರು. ಸೂರ್ಯನ ಮೈಯ ಕುದಿತ, ಕಲೆಗಳ ಗಲಾಟೆ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ನಿಜವಾದ ಎರಡನೇ ಭೂಮಿ ಈ ದಾರಿಯಲ್ಲಿ ಸಿಕ್ಕೋದಾದರೆ, ಆ ಗಲಾಟೆಯನ್ನ ಕಳೆಯೋ ಜನರ ಕೈಯಿಂದಲೇ ಸಿಗಬೇಕು. ನಾವು ನಗ್ತಾ ಇರೋದು ಅವರನ್ನ ನೋಡಿ.